ಪಾಯಸವಾ? ಇವತ್ತೆಂತ ವಿಶೇಷ?

ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋದ ಚಾಕಲೇಟ್ ಕಾರ್ಖಾನೆ ಇದೆ. 1986ರಲ್ಲಿ ಶುರುವಾದದ್ದು. ಅಡಿಕೆ ತೋಟದ ನಡುವೆ ಬೆಳೆದ ಕೊಕ್ಕೋವನ್ನು ಕೊಳ್ಳುವವರಿಲ್ಲದೆ ರೈತರು ಕಂಗಾಲಾದ ಕಾಲದಲ್ಲಿ ಖರೀದಿಗೆ ಇಳಿದ ಸಹಕಾರಿ ಸಂಸ್ಥೆ, ಆಮೇಲೆ ಚಾಕಲೇಟನ್ನೂ ತಾನೇ ಮಾಡತೊಡಗಿತು. ಇದನ್ನು ಹೊರಗಿನ ಊರಿನವರ ಹತ್ತಿರ ಹೇಳಿದರೆ ಅವರ ಕಣ್ಣು ಅರಳುತ್ತದೆ. "ಹಾಗಾದ್ರೆ ನಿಮ್ಮ ಮನೇಲಿ ದಿನಾ ಊಟ ಆದ್ಮೇಲೆ ಚಾಕಲೇಟಾ?"

ಇಲ್ಲ ಮಾರಾಯ್ರೆ. ನಮ್ಮ ತೋಟದಲ್ಲೂ ಕೊಕ್ಕೋ ಗಿಡಗಳಿವೆ. ಸಣ್ಣವರಿದ್ದಾಗ ಕಾಯಿ ಒಡೆದು ಬೀಜದ ಸುತ್ತ ಇರುವ ಬಿಳಿ ತಿರುಳನ್ನು ಚೀಪಿದ್ದೇವೆ, ಅಳಿಲುಗಳ ಜೊತೆ ಸ್ಪರ್ಧೆಗಿಳಿದವರ ಹಾಗೆ. ಅದು ತೋಟದಲ್ಲೇ ಶುರುವಾಗಿ ತೋಟದಲ್ಲೇ ಮುಗಿಯುವ ಸಿಹಿ. ಊಟದ ಬಟ್ಟಲಿನವರೆಗೆ ಬಂದದ್ದಿಲ್ಲ.

ಈ ವಿಷಯ ನನ್ನ ತಲೆಗೆ ಹೊಕ್ಕದ್ದು ಮಂಗಳೂರಿನ ಹಾಸ್ಟೆಲಿನಲ್ಲಿ. ರೂಮಿನಲ್ಲಿ ನಾವು ನಾಲ್ಕು ಜನ: ದಾವಣಗೆರೆಯವಳೊಬ್ಬಳು, ಸುಳ್ಯದವಳೊಬ್ಬಳು, ಕೋಲ್ಕತ್ತದವಳೊಬ್ಬಳು ಮತ್ತು ನಾನು. ಭಾನುವಾರ ಮೆಸ್ಸಿನಲ್ಲಿ ತಲೆಗೆ ಎರಡರಂತೆ ಜಾಮೂನು. ಕೋಲ್ಕತ್ತದವಳಿಗೆ ಉಳಿದ ಆರು ದಿನ ಊಟ ಆದ ಮೇಲೆ ಏನೋ ಕಳೆದುಕೊಂಡ ಭಾವ. ಅವರ ಮನೆಯಲ್ಲಿ ಕೊನೆಗೆ ಸಂದೇಶವೋ ಮಿಷ್ಟಿ ದೋಯಿಯೋ ಇಲ್ಲದಿದ್ದರೆ ಊಟ ಮುಗಿದ ಹಾಗೇ ಅನ್ನಿಸುವುದಿಲ್ಲವಂತೆ. "ನಿಮ್ಮಲ್ಲಿ ಎಷ್ಟು ದಿನಕ್ಕೊಮ್ಮೆ?" ಎಂದು ಒಬ್ಬೊಬ್ಬರನ್ನೇ ಕೇಳಿದಳು. ನಮ್ಮ ಮೂವರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಯಾಕೆಂದರೆ ನಮ್ಮಲ್ಲಿ ಸಿಹಿಯನ್ನು ದಿನದ ಲೆಕ್ಕದಲ್ಲಿ ಇಟ್ಟವರೇ ಇಲ್ಲ. ಸುಳ್ಯದವಳು ಯೋಚಿಸಿ ಯೋಚಿಸಿ ಹೇಳಿದಳು: "ಯಾರಾದ್ರೂ ಬಂದ್ರೆ."

ಅವಳ ಉತ್ತರ ಸರಿಯೇ. ಪುತ್ತೂರು, ಸುಳ್ಯ, ಕಡಬದ ಕಡೆ ಸಾದಾ ದಿನದ ಊಟ ಅಂದರೆ ಕುಚ್ಚಲಕ್ಕಿ ಅನ್ನ, ಒಂದು ಸಾರೋ ಸಾಂಬಾರೋ, ಒಂದು ಪಲ್ಯ, ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ. ಮೀನು ತಿನ್ನುವ ಮನೆಯಲ್ಲಿ ಮೀನಿನ ಪದಾರ್ಥ ಸೇರುತ್ತದೆ, ಅಷ್ಟೇ ವ್ಯತ್ಯಾಸ. ಮಜ್ಜಿಗೆಯ ನಂತರ ಊಟ ಇಲ್ಲ. ಆಮೇಲೆ ಬಾಯಿಗೆ ಏನಾದರೂ ಬೇಕೆಂದರೆ ಚಾವಡಿಯಲ್ಲಿ ಎಲೆ ಅಡಿಕೆಯ ತಟ್ಟೆ ಇದೆ. ಅಡಿಕೆಯ ಊರಲ್ಲಿ ಊಟದ ನಂತರದ ಜಾಗವನ್ನು ಅಡಿಕೆಯೇ ಹಿಡಿದು ಕೂತಿದ್ದರೆ ಆಶ್ಚರ್ಯವಿಲ್ಲ. ಮನೆಯ ಬಾಳೆಗೊನೆ ಹಣ್ಣಾಗಿದ್ದರೆ ಒಂದು ಕದಳಿ ಹಣ್ಣು. ಅದೂ ತಿನ್ನದಿದ್ದರೆ ಹಾಳಾಗುತ್ತದೆ ಎಂಬ ಕಾರಣಕ್ಕೆ.

ಹಾಗಂತ ಸಿಹಿ ಇರಲಿಲ್ಲವೆಂದಲ್ಲ. ಅದು ಬೇರೆ ಕಡೆ ಇತ್ತು. ಬಿಸಿಲಲ್ಲಿ ನಡೆದು ಬಂದವರಿಗೆ ಮೊದಲು ಕೊಡುತ್ತಿದ್ದದ್ದು ಬೆಲ್ಲ ಮತ್ತು ನೀರು. "ಆಸರಿಗೆ ಬೇಕಾ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ತಂದಿಡುವುದು. ಅಂದರೆ ಸಿಹಿ ಇದ್ದದ್ದು ಅಂಗಳ ದಾಟಿ ಬಂದ ಹೊತ್ತಿನಲ್ಲಿ, ಬಾಯಾರಿಕೆಯ ಜೊತೆ. ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ. ಉಪ್ಪಿನಂಗಡಿಯ ನನ್ನ ಬ್ಯಾರಿ ಗೆಳತಿಯನ್ನು ಕೇಳಿದಾಗ ಅವಳೂ ಇಂಥದ್ದೇ ಮಾತು ಹೇಳಿದಳು: ದಿನಾ ಊಟದ ಮೇಲೆ ಸಿಹಿ ಇಲ್ಲ, ಆದರೆ ರಂಜಾನಿನಲ್ಲಿ ದಿನವೂ ಖರ್ಜೂರ ಇದೆ, ಅದು ಎಲ್ಲಕ್ಕಿಂತ ಮೊದಲು.

ಹಬ್ಬದೂಟದಲ್ಲೂ ನಮ್ಮ ಕಡೆ ಸಿಹಿ ಕೊನೆಗಿಲ್ಲ. ನಮ್ಮ ಹವ್ಯಕರ ಊಟದ ಪಂಕ್ತಿಯಲ್ಲಿ ಸಾರು, ಸಾಂಬಾರು, ಮೇಲಾರ ಎಲ್ಲ ಒಂದು ಸುತ್ತು ಆದ ಮೇಲೆ ಪಾಯಸದ ಬಕೆಟ್ ಬರುತ್ತದೆ. ಅದರ ಹಿಂದೆಯೇ ಹೋಳಿಗೆಯೋ ಕಾಶಿ ಹಲ್ವವೋ. ಆ ಹೊತ್ತಿಗೆ ಯಾರೋ ಒಬ್ಬರು ಗಂಟಲು ಸರಿಮಾಡಿ ಚೂರ್ಣಿಕೆ ಹೇಳುತ್ತಾರೆ, ಉಳಿದವರು "ಹರ ಹರ ಮಹಾದೇವ" ಎನ್ನುತ್ತಾರೆ. ಅದಾದ ಮೇಲೆ ಮತ್ತೆ ಅನ್ನ, ಮಜ್ಜಿಗೆ, ಉಪ್ಪಿನಕಾಯಿ. ಪಾಯಸ ಉಂಡ ಬಾಯಿ ಉಪ್ಪು ಹುಳಿಗೆ ಮರಳಿದ ಮೇಲೆಯೇ ಏಳುವುದು. ದಾವಣಗೆರೆಯವಳ ಮನೆಯಲ್ಲಿ ಹಬ್ಬದ ದಿನ ಹೋಳಿಗೆ ಮೊದಲು, ಅನ್ನ ಆಮೇಲೆ. ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಎಲೆಯ ತುದಿಗೆ ಒಂದು ಚಮಚ ಪಾಯಸ ಬಡಿಸಿಯೇ ಊಟ ಶುರು. ಸುಶ್ರುತ ಸಂಹಿತೆಯೂ ಸಿಹಿಯನ್ನು ಮೊದಲು, ಹುಳಿ ಉಪ್ಪನ್ನು ನಡುವೆ, ಉಳಿದ ರಸಗಳನ್ನು ಕೊನೆಗೆ ಎನ್ನುತ್ತದೆ. 'ಡೆಸರ್ಟ್' ಎಂಬ ಪದ ಫ್ರೆಂಚಿನಿಂದ ಬಂದದ್ದು, ಅದರ ಮೂಲಾರ್ಥ ಊಟದ ಮೇಜನ್ನು ತೆರವು ಮಾಡುವುದು. ಪಾತ್ರೆಗಳೆಲ್ಲ ಹೋದ ಮೇಲೆ ಬರುವ ತಿನಿಸು ಅದು. ನಮ್ಮಲ್ಲಿ ಎಲೆ ತೆಗೆದ ಮೇಲೆ ಏನನ್ನು ಎಲ್ಲಿಗೆ ಬಡಿಸುವುದು?

ಬಾಳೆಲೆಯ ಮೇಲೆ ಪಾಯಸ ಉಣ್ಣುವುದೂ ಒಂದು ವಿದ್ಯೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಎಲೆಯ ಇಳಿಜಾರು, ಪಾಯಸದ ದಪ್ಪ, ಬಡಿಸುವವನ ಅವಸರ ಎಲ್ಲ ಸೇರಿ ಅದು ಎತ್ತ ಹರಿಯುತ್ತದೆ ಎಂದು ಹೇಳಲಾಗದು. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದ ನನಗಿಂತ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಜ್ಜನಿಗೆ ಅದು ಚೆನ್ನಾಗಿ ಗೊತ್ತು. ಒಂದು ಹನಿ ನೆಲಕ್ಕೆ ಬಿದ್ದದ್ದನ್ನು ನಾನು ನೋಡಿಲ್ಲ.

ಹೊಟ್ಟೆ ಬಿರಿಯೆ ಉಂಡವರೂ ಪಾಯಸ ಬಂದಾಗ "ಒಂದು ಸೌಟು ಸಾಕು" ಎನ್ನುತ್ತಾ ಎರಡು ಸೌಟು ಹಾಕಿಸಿಕೊಳ್ಳುವುದಕ್ಕೂ ವಿಜ್ಞಾನ ಇದೆ. ಒಂದೇ ರುಚಿಯನ್ನು ತಿನ್ನುತ್ತಾ ಹೋದರೆ ಆ ರುಚಿಯ ಮೇಲಿನ ಆಸೆ ಮಾತ್ರ ಇಳಿಯುತ್ತದೆ, ಬೇರೆ ರುಚಿಯ ಆಸೆ ಹಾಗೇ ಉಳಿದಿರುತ್ತದೆ. ಬಾರ್ಬರಾ ರೋಲ್ಸ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು 1981ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ನಮ್ಮೂರಿನಲ್ಲಿ ಬಡಿಸುವ ಭಾವಂದಿರಿಗೆ ಇದು ಮೊದಲೇ ಗೊತ್ತಿತ್ತು ಎಂದು ನನ್ನ ಅನುಮಾನ.

ಕೋಲ್ಕತ್ತದವಳ ಪ್ರಶ್ನೆಗೆ ಉತ್ತರ ಬೇಕಲ್ಲ? ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಲ್ಯಾಬ್ ರೆಕಾರ್ಡಿನ ಖಾಲಿ ಹಾಳೆಯೊಂದನ್ನು ಫ್ರಿಜ್ಜಿಗೆ ಅಂಟಿಸಿದೆ. ಪುತ್ತೂರು-ಪಾಣಾಜೆ ರಸ್ತೆಯ ಬದಿಯ ನಮ್ಮ ಮನೆಯಲ್ಲಿ ಅಜ್ಜ, ಅಪ್ಪ, ಅಮ್ಮ, ನಾನು, ತಮ್ಮ. ನಾಲ್ಕು ವಾರ, ಮಧ್ಯಾಹ್ನ ಮತ್ತು ರಾತ್ರಿ, ಊಟದ ಜೊತೆ ಸಿಹಿ ಇತ್ತೋ ಇಲ್ಲವೋ ಎಂದು ಗೀಟು ಹಾಕುವುದು.

ಎರಡನೇ ದಿನವೇ ಅಮ್ಮನ ಜೊತೆ ಜಗಳ. ಅದು ಹಲಸಿನ ಹಣ್ಣಿನ ಕಾಲ. ಮಧ್ಯಾಹ್ನ ಉಂಡು ಅರ್ಧ ಗಂಟೆಗೆ ಅಪ್ಪ ಹಿತ್ತಿಲಲ್ಲಿ ಕೈಗೆ ಎಣ್ಣೆ ಸವರಿಕೊಂಡು ಬಕ್ಕೆ ಹಣ್ಣು ಕೊಯ್ದರು. ತಲೆಗೆ ಎಂಟು ಹತ್ತು ತೊಳೆ. ನಾನು ಗೀಟು ಹಾಕಿದೆ. ಅಮ್ಮ ಒಪ್ಪಲಿಲ್ಲ. "ಹಲಸಿನ ಹಣ್ಣು ಸ್ವೀಟಾ? ಅದು ಹಣ್ಣು." ಮೂರನೇ ದಿನ ತುಳುವ ಹಣ್ಣಿನ ಕೊಟ್ಟಿಗೆ. ಅದು ತಿಂಡಿ. ಐದನೇ ದಿನ ಅದೇ ಹಣ್ಣಿನ ಸುಟ್ಟವು. ಅದು ಮಳೆಗೆ. ಮಾವಿನ ಹಣ್ಣಿನ ರಸಾಯನ? ಅದು ದೋಸೆಗೆ ಕೂಡಲಿಕ್ಕೆ. ಅಮ್ಮನ ಲೆಕ್ಕದಲ್ಲಿ ಬೆಲ್ಲ ಹಾಕಿ ಒಲೆಯ ಮೇಲಿಟ್ಟು, ಊಟದ ಹೊತ್ತಿಗೆ ಎಲ್ಲರಿಗೂ ಬಡಿಸಿದರೆ ಮಾತ್ರ ಸಿಹಿ. ಕೊನೆಗೆ ಹಾಳೆಯಲ್ಲಿ ಎರಡು ಅಂಕಣ ಮಾಡಬೇಕಾಯಿತು, ಒಂದು ನನ್ನದು, ಒಂದು ಅಮ್ಮನದು. ನಾಲ್ಕು ವಾರ ಮುಗಿದಾಗ ನನ್ನ ಅಂಕಣದಲ್ಲಿ ಹತ್ತೊಂಬತ್ತು ದಿನ, ಅಮ್ಮನದರಲ್ಲಿ ಎರಡು!

ಎರಡರಲ್ಲಿ ಅಮ್ಮನದೇ ಸರಿ ಎಂದು ಈಗ ನನಗೂ ಅನಿಸುತ್ತದೆ. ಹಲಸು ಬಂದದ್ದು ಮರದಲ್ಲಿ ಆಗಿದ್ದಕ್ಕೆ. ಪುತ್ತೂರಿನಿಂದಲೇ ಹೊರಡುವ 'ಅಡಿಕೆ ಪತ್ರಿಕೆ'ಯಲ್ಲಿ ಶ್ರೀಪಡ್ರೆಯವರು ಹಲಸಿನ ಬಗ್ಗೆ ವರ್ಷಗಟ್ಟಲೆ ಬರೆದಿದ್ದಾರೆ, ಇಷ್ಟು ಒಳ್ಳೆಯ ಹಣ್ಣನ್ನು ಮರದಡಿ ಕೊಳೆಯಲು ಬಿಡುತ್ತೇವಲ್ಲ ಎಂದು. ಕೊಳೆಯದಿರಲಿ ಎಂದೇ ಬೆಲ್ಲ ಹಾಕಿ ಕಾಯಿಸಿ ಬೆರಟಿ ಮಾಡಿಡುವುದು, ಮಾವಿನ ರಸವನ್ನು ಚಾಪೆಯ ಮೇಲೆ ಒಣಗಿಸಿ ಮಾಂಬಳ ಮಾಡುವುದು. ಮಳೆಗಾಲದಲ್ಲಿ ಬೆರಟಿಯ ಪಾಯಸ ಉಂಡರೆ ಅದು ಬೇಸಿಗೆಯ ಉಳಿತಾಯ ಖಾತೆಯಿಂದ ತೆಗೆದದ್ದು.

ಪಾಯಸದ ವಿಷಯ ಹಾಗಲ್ಲ. ಅದಕ್ಕೆ ಕಾರಣ ಬೇಕು. ಬಟ್ಟಲಲ್ಲಿ ಪಾಯಸ ಕಂಡ ಕೂಡಲೇ ನಮ್ಮ ಕಡೆ ಯಾರೂ "ಆಹಾ" ಎನ್ನುವುದಿಲ್ಲ, "ಇವತ್ತೆಂತ ವಿಶೇಷ?" ಎಂದು ಕೇಳುತ್ತಾರೆ. ಬಿಸುವಿಗೆ ಪಾಯಸ, ಹೊಸಕ್ಕಿ ಊಟಕ್ಕೆ ಪಾಯಸ, ನಾಗರಪಂಚಮಿಗೆ ಅರಿಶಿನ ಎಲೆಯ ಕಡುಬು, ಚೌತಿಗೆ ಪಂಚಕಜ್ಜಾಯ. ಏಪ್ರಿಲ್ 17ಕ್ಕೆ ಮಹಾಲಿಂಗೇಶ್ವರನ ಬ್ರಹ್ಮರಥೋತ್ಸವಕ್ಕೆ ನೆಂಟರು ಬಂದಾಗ ಪಾಯಸ. ಬರೀ ಸಂತೋಷಕ್ಕೇ ಎಂದೂ ಇಲ್ಲ. ತಿಥಿಯ ಊಟಕ್ಕೂ ಪಾಯಸ ಇದೆ, ಸುಕ್ರುಂಡೆ ಇದೆ. ಆ ದಿನ ಉಳಿದ ದಿನಗಳ ಹಾಗಲ್ಲ ಎಂದು ನಾಲಗೆಗೆ ತಿಳಿಸುವ ಕೆಲಸ ಅದರದ್ದು.

ಅಮ್ಮನ ಅಂಕಣದ ಎರಡು ಗೀಟುಗಳಲ್ಲಿ ಒಂದು ತಮ್ಮನ ಹುಟ್ಟುಹಬ್ಬದ್ದು. ಇನ್ನೊಂದು ಅಜ್ಜಿಯ ತಿಥಿಯದ್ದು.

ಅಜ್ಜನಿಗೆ ಮೂರು ವರ್ಷದಿಂದ ಸಕ್ಕರೆ ಕಾಯಿಲೆ. ಅದು ಗೊತ್ತಾದ ದಿನದಿಂದ ಮನೆಯಲ್ಲಿ ಪಾಯಸ ಕಡಿಮೆಯಾಯಿತು. ಒಬ್ಬರಿಗೆ ಇಲ್ಲದ್ದು ಯಾರಿಗೂ ಬೇಡ ಎಂಬುದು ಅಮ್ಮನ ನ್ಯಾಯ. ನೆಂಟರು ಬಂದರೂ ಹೋಳಿಗೆ ಬಿಟ್ಟು ಗೋಳಿಬಜೆ. ಅಜ್ಜಿಯ ತಿಥಿಗೆ ಮಾತ್ರ ಬಿಡುವ ಹಾಗಿಲ್ಲ, ಮಾಡಲೇಬೇಕು. ಅವತ್ತು ಪಾಯಸ ಹಿಡಿದು ಪಂಕ್ತಿಯಲ್ಲಿ ಬಂದ ಭಾವ ಅಜ್ಜನ ಎಲೆಯ ಮುಂದೆ ಬಗ್ಗಿದ. ಅಜ್ಜ ಎಲೆಗೆ ಅಡ್ಡವಾಗಿ ಅಂಗೈ ಹಿಡಿದರು. ಏನೂ ಹೇಳಲಿಲ್ಲ. ಭಾವ ಮುಂದಿನ ಎಲೆಗೆ ಹೋದ. ಐವತ್ತೆರಡು ವರ್ಷ ಜೊತೆಗಿದ್ದವಳ ತಿಥಿಯಲ್ಲಿ ಉಳಿದವರೆಲ್ಲ ಪಾಯಸ ಉಂಡು ಮುಗಿಸುವವರೆಗೆ ಅಜ್ಜ ಎಲೆಯ ಮೇಲಿನ ಉಪ್ಪನ್ನು ಬೆರಳಲ್ಲಿ ಸರಿಸುತ್ತಾ ಕೂತಿದ್ದರು.

ಅವತ್ತು ಸಂಜೆ ಅಜ್ಜ ಎಂದಿನ ಹಾಗೆ ಚಹಾ ಕುಡಿದರು. ಅದಕ್ಕೆ ಒಂದು ಚಮಚ ಸಕ್ಕರೆ. "ಒಂದೇ ಅಲ್ಲವಾ" ಎಂದು ಎಲ್ಲರೂ ಬಿಟ್ಟಿರುವ ಚಮಚ. ಬೆಳಿಗ್ಗೆ ಎದ್ದ ಕೂಡಲೇ ಒಂದು, ತೋಟದಿಂದ ಬಂದು ಒಂದು, ಮೂರೂವರೆಗೆ ಒಂದು, ದೀಪ ಹಚ್ಚುವ ಹೊತ್ತಿಗೆ ಒಂದು.

ಫ್ರಿಜ್ಜಿನ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಮಾಡಿದೆ. ಚಹಾದ ಒಂದು ಚಮಚ ಸಕ್ಕರೆ ಸುಮಾರು 4 ಗ್ರಾಂ. ದಿನಕ್ಕೆ ನಾಲ್ಕು ಚಹಾ ಎಂದರೆ 16 ಗ್ರಾಂ. ತಿಂಗಳಿಗೆ 480 ಗ್ರಾಂ, ಅರ್ಧ ಕಿಲೋ ಹತ್ತಿರ ಬಂತು. ಬಿಸ್ಕತ್ತನ್ನು ಸೇರಿಸಲಿಲ್ಲ. ಇನ್ನು ಪಾಯಸ. ಅಮ್ಮ ಹದಿನಾರು ಜನರ ಕಡಲೆಬೇಳೆ ಪಾಯಸಕ್ಕೆ ಹಾಕುವುದು ಅರ್ಧ ಕಿಲೋ ಬೆಲ್ಲ. ಒಬ್ಬರ ಪಾಲಿಗೆ 30 ಗ್ರಾಂ ಚಿಲ್ಲರೆ. ಕಾಯಿಲೆ ಬರುವ ಮೊದಲು ತಿಂಗಳಿಗೆ ಎರಡು ಸಲ ಪಾಯಸ ಆಗುತ್ತಿತ್ತು ಎಂದಿಟ್ಟುಕೊಂಡರೂ 60 ಗ್ರಾಂ. ಅಂದರೆ ಅಜ್ಜನಿಂದ ನಾವು ಕಸಿದುಕೊಂಡದ್ದು 60, ದಿನವೂ ನಾವೇ ಕಲಸಿ ಕೊಟ್ಟದ್ದು 480.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಎಲ್ಲರಿಗೂ ಗೊತ್ತಿರಲಿಕ್ಕಿಲ್ಲ. ಹೀಗೆ ಬೆರೆಸಿ ತಿನ್ನುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಶೇ. 5 ಎಂದರೆ ಸುಮಾರು 25 ಗ್ರಾಂ, ಆರು ಚಮಚ. ಬೆಲ್ಲವೂ ಈ ಲೆಕ್ಕದೊಳಗೇ ಬರುತ್ತದೆ. ಬೆಲ್ಲವಾದರೆ ಪರವಾಗಿಲ್ಲ ಎನ್ನುವವರು ನಮ್ಮ ಕಡೆ ಬಹಳ ಇದ್ದಾರೆ. ಇದು ಆರೋಗ್ಯವಂತರ ಮಾತು. ಅಪ್ಪನ ಚಹಾಕ್ಕೆ ಎರಡು ಚಮಚ, ದಿನಕ್ಕೆ ನಾಲ್ಕು ಲೋಟ. ಊಟದ ಮೇಲೆ ಸಿಹಿಯ ಸುದ್ದಿಯೇ ಇಲ್ಲದೆ 32 ಗ್ರಾಂ ಆಗಿಹೋಯಿತು! ಐಸಿಎಂಆರ್‌ನ ಇಂಡಿಯಾಬ್ ಅಧ್ಯಯನ 2023ರಲ್ಲಿ ಪ್ರಕಟವಾದಾಗ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು ಎಂದು ಅಂದಾಜಾಯಿತು. ಅವರೆಲ್ಲರ ಮನೆಯಲ್ಲೂ ಮೊದಲು ಅಪರಾಧಿ ಸ್ಥಾನದಲ್ಲಿ ನಿಂತದ್ದು ಪಾಯಸವೇ ಇರಬೇಕು. ಚಹಾದ ಚಮಚವನ್ನು ಯಾರೂ ವಿಚಾರಿಸುವುದಿಲ್ಲ. ಅದು ದಿನಾ ಬರುತ್ತದೆ, ದಿನಾ ಬರುವವರಿಗೆ "ಎಂತ ವಿಶೇಷ" ಎಂದು ಕೇಳುವ ಕ್ರಮ ಇಲ್ಲ.

ಇಷ್ಟರ ನಡುವೆ ನಿಜವಾದ ಡೆಸರ್ಟ್ ನಮ್ಮ ಕಡೆಗೂ ಬಂದಿದೆ, ಸದ್ದಿಲ್ಲದೆ. ಮಂಗಳೂರಿನಲ್ಲಿ ಐಡಿಯಲ್ ಐಸ್‌ಕ್ರೀಮ್ 1975ರಲ್ಲಿ ಶುರುವಾಯಿತು. ಪುತ್ತೂರಿನವರಿಗೆ ಬಹಳ ಕಾಲ ಅದು ಮಂಗಳೂರಿಗೆ ಹೋದಾಗ ಮಾತ್ರ ಸಿಗುವ ಭಾಗ್ಯ. ಆಸ್ಪತ್ರೆಗೋ ಬಟ್ಟೆ ಖರೀದಿಗೋ ಹೋದವರು ವಾಪಸ್ ಬಸ್ ಹತ್ತುವ ಮೊದಲು ಒಂದು ಗಡ್‌ಬಡ್ ತಿನ್ನುವುದು. ಆಮೇಲೆ ಅದು ಮದುವೆ ಹಾಲುಗಳಿಗೆ ಬಂತು. ಈಗ ಪಂಕ್ತಿಯಲ್ಲಿ ಕೂತು ಪಾಯಸ, ಹೋಳಿಗೆ, ಮಜ್ಜಿಗೆ ಎಲ್ಲ ಕ್ರಮವಾಗಿ ಉಂಡು, ಕೈ ತೊಳೆದು ಬಂದರೆ ಬಾಗಿಲ ಹತ್ತಿರ ಐಸ್‌ಕ್ರೀಮಿನ ಕೌಂಟರ್. ನಿಂತುಕೊಂಡೇ ತಿನ್ನುವುದು. ಮಜ್ಜಿಗೆಗೆ ಇದ್ದ ಕೊನೆಯ ಸ್ಥಾನ ಹೋಯಿತು. ಮದುವೆ ಹಾಲಿನಿಂದ ಅದು ಮನೆಯ ಫ್ರೀಜರಿಗೆ ಬರಲು ಹೆಚ್ಚು ಕಾಲ ಬೇಕಾಗಲಿಲ್ಲ.

ನಮ್ಮ ಮನೆಯಲ್ಲೂ ಒಂದು ಡಬ್ಬ ಇದೆ. ಪಾಯಸ ನಿಂತ ಮೇಲೆ ಬಂದದ್ದು. ರಾತ್ರಿ ಅಜ್ಜ ಮಲಗಿದ ಮೇಲೆ ತಮ್ಮ ಅಡುಗೆಮನೆಯಲ್ಲಿ ಲೈಟ್ ಹಾಕದೆ ಫ್ರೀಜರ್ ತೆಗೆಯುತ್ತಾನೆ. ಅಪ್ಪನೂ ಅಲ್ಲಿ ನೀರು ಕುಡಿಯಲು ಹೋಗಿ ಸಿಕ್ಕಿಬಿದ್ದದ್ದಿದೆ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಿದ್ದ ಸಿಹಿ ಹೋಗಿ, ಒಬ್ಬೊಬ್ಬರೇ ಕತ್ತಲಲ್ಲಿ ನಿಂತು ತಿನ್ನುವ ಸಿಹಿ ಬಂತು. ಹಾಸ್ಟೆಲಿನಲ್ಲಂತೂ ಕೇಳುವುದೇ ಬೇಡ. ರಾತ್ರಿ ಹನ್ನೊಂದಕ್ಕೆ ಡೆಲಿವರಿ ಹುಡುಗ ಗೇಟಿಗೆ ಬ್ರೌನಿ ತಂದರೆ ಯಾರ ಹುಟ್ಟುಹಬ್ಬ ಎಂದು ಈಗ ಯಾರೂ ವಿಚಾರಿಸುವುದಿಲ್ಲ. ಮರುದಿನ ಇಂಟರ್ನಲ್ಸ್ ಇದ್ದರೂ ತರಿಸುತ್ತೇವೆ, ಮುಗಿದರೂ ತರಿಸುತ್ತೇವೆ. ಇದನ್ನು ಬೈಯಬೇಕೆಂದು ನನಗೇನೂ ಇಲ್ಲ, ಬ್ರೌನಿ ಚೆನ್ನಾಗಿರುತ್ತದೆ. ಕೋಲ್ಕತ್ತದವಳ ಮನೆಯ ಪದ್ಧತಿಯೂ ಚೆನ್ನಾಗಿಯೇ ಇದೆ, ಅವರದು ಎಲ್ಲರೂ ಕೂತು ಒಂದೇ ಒಂದು ಸಂದೇಶ ತಿಂದು ಏಳುವುದು.

ಲೆಕ್ಕದ ಹಾಳೆಯನ್ನು ಮಡಚಿ ಅಜ್ಜನ ತಪಾಸಣೆಯ ದಿನ ಡಾಕ್ಟರ ಹತ್ತಿರ ಒಯ್ದೆ. ಅವರು ಪೂರ್ತಿ ಓದಿದರು. ಓದಿ, "ಅನ್ನ ಎಲ್ಲಿ ಬರೆದಿದ್ದೀ?" ಎಂದು ಕೇಳಿದರು. ಮಧ್ಯಾಹ್ನದ ಅನ್ನ ಎಷ್ಟು, ರಾತ್ರಿ ಎಷ್ಟು, ಎಲ್ಲ ಸೇರಿಸಿ ನೋಡಬೇಕು ಎಂದರು. ಚಹಾದ ಸಕ್ಕರೆ ಮೊದಲು ಹೋಗಲಿ, ಹಲಸಿನ ಹಣ್ಣು ಎರಡು ತೊಳೆಗೆ ನಿಲ್ಲಲಿ. ಅಷ್ಟಾಗಿ ರಕ್ತದ ರಿಪೋರ್ಟ್ ಹಿಡಿತದಲ್ಲಿದ್ದರೆ ವಿಶೇಷದ ದಿನ ಅನ್ನ ಕಡಿಮೆ ಮಾಡಿ ಅರ್ಧ ಸೌಟು ಪಾಯಸಕ್ಕೆ ಅವರ ಅಡ್ಡಿ ಇರಲಿಲ್ಲ. ವಿಶೇಷದ ದಿನ ಯಾವುದು ಎಂದು ಮಾತ್ರ ಅಜ್ಜ ನಿಶ್ಚಯಿಸಬಾರದು ಎಂದು ನನಗೆ ಹೇಳಿದರು.

ಅಜ್ಜನಿಗೆ ಸಕ್ಕರೆಯಿಲ್ಲದ ಚಹಾ ಮೊದಲ ವಾರ ಕಷಾಯದ ಹಾಗಿತ್ತು. "ಆಟಿ ಅಮಾವಾಸ್ಯೆಗೆ ಹಾಲೆ ಮರದ ಕಷಾಯ ಕುಡಿಯುವುದು ವರ್ಷಕ್ಕೆ ಒಂದು ದಿನ ಮಾರಾಯ್ತಿ, ನೀನು ದಿನಕ್ಕೆ ನಾಲ್ಕು ಸಲ ಕುಡಿಸುತ್ತೀಯಲ್ಲ" ಎಂದು ಅಮ್ಮನಿಗೆ ಹೇಳಿದರಂತೆ. ಮೊದಲು ಎರಡು ಲೋಟಕ್ಕೆ ಬಿಟ್ಟರು. ತಿಂಗಳು ಕಳೆದ ಮೇಲೆ ನಾಲ್ಕಕ್ಕೂ. ಅಪ್ಪನ ಎರಡು ಚಮಚ ಒಂದೂವರೆಗೆ ಇಳಿದಿದೆ, ಅದಕ್ಕಿಂತ ಕೆಳಗೆ ಮಾತುಕತೆ ಮುಂದುವರಿದಿಲ್ಲ.

ಚೌತಿಗೆ ಊರಿಗೆ ಹೋಗಿದ್ದೆ. ಕಡಲೆಬೇಳೆ ಪಾಯಸ. ತಮ್ಮ ಬಡಿಸುತ್ತಾ ಬಂದು ಅಜ್ಜನ ಎಲೆಗೆ ಅಳೆದು ಅರ್ಧ ಸೌಟು ಹಾಕಿದ. ಅಜ್ಜ ಅವನ ಕೈ ಹಿಡಿದು ನಿಲ್ಲಿಸಿದರು. "ಮೊನ್ನೆ ಸೊಸೈಟಿಗೆ ಹೋದಾಗ ಅಲ್ಲಿ ಚಹಾ ಕೊಟ್ಟಿದ್ದರು, ನಾನು ಕುಡಿಯಲಿಲ್ಲ. ಅದನ್ನು ಪುಳ್ಳಿಯ ಹಾಳೆಯಲ್ಲಿ ಬರೆದದ್ದುಂಟಾ ಕೇಳು." ತಮ್ಮ ಸೌಟು ಎತ್ತಿ ಹಿಡಿದು ನನ್ನ ಮುಖ ನೋಡಿದ. ಬರೆದಿರಲಿಲ್ಲ.